ಕಾಯುವುದೂ ಒಂದು ಕೆಲಸ: ಮೈಕ್ರೊಪ್ರೊಸೆಸರಿನ ಸಮಯಪಾಲನೆ

ಗಣಕಯಂತ್ರದ ಮಾತು ಬಂದೊಡನೆ ಅದರ ವೇಗವನ್ನು ಕೊಂಡಾಡುವುದು ರೂಢಿ. ಆದರೆ ಆ ವೇಗವು ಪ್ರಯೋಜನಕ್ಕೆ ಬರಬೇಕಾದರೆ ಯಂತ್ರಕ್ಕೆ ಕಾಯುವುದೂ ತಿಳಿದಿರಬೇಕು. ಈ ಸಂಗತಿಯನ್ನು ವಿಜ್ಞಾನ ಓದದ ಮಿತ್ರರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಯಂತ್ರದಲ್ಲಿ ಲೆಕ್ಕ ಮಾಡುವ ಭಾಗ ಮೈಕ್ರೊಪ್ರೊಸೆಸರ್. ಅಂಕಿಗಳನ್ನು ಕಾಪಾಡುವ ಭಾಗ ಮೆಮೊರಿ. ಇವುಗಳ ನಡುವಣ ತಂತಿಗಳ ಸಮೂಹವೇ ಬಸ್. ಇದು ಹುಣಸೂರಿನಲ್ಲಿ ನಾವು ಹತ್ತುವ ಬಸ್ಸಲ್ಲ. ಆದರೂ ಎರಡಕ್ಕೂ ಹೆಸರು ಬಂದದ್ದು ‘ಎಲ್ಲರಿಗಾಗಿ’ ಎಂಬರ್ಥದ ಒಂದೇ ಲ್ಯಾಟಿನ್ ಶಬ್ದದಿಂದ. ಹಲವು ಭಾಗಗಳು ಒಂದೇ ಹಾದಿಯನ್ನು ಬಳಸುವುದರಿಂದ, ಯಾರು ಯಾವಾಗ ಹೇಳಬೇಕು, ಯಾವಾಗ ಕೇಳಬೇಕು ಎಂಬ ಕಟ್ಟುಪಾಡು ಅವಶ್ಯವಾಗುತ್ತದೆ.

ಸಕಾಲವೆಂದರೇನೆಂಬುದನ್ನು ಕಾಕನಕೋಟೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1971ರಲ್ಲಿ ಕೊನೆಯದಾಗಿ ನಡೆದ ಇಲ್ಲಿನ ಖೆಡ್ಡಾದಲ್ಲಿ ಆನೆಗಳ ಹಿಂಡನ್ನು ಅಟ್ಟಿ ತಂದು ಆವರಣದೊಳಗೆ ಹೊಗಿಸಿ, ಹಗ್ಗದಿಂದ ಎತ್ತಿ ಕಟ್ಟಿದ್ದ ಬಾಗಿಲನ್ನು ಹಗ್ಗ ಕಡಿದು ಬೀಳಿಸುತ್ತಿದ್ದರು. ಬೇಗ ಕಡಿದರೆ ಅರ್ಧ ಹಿಂಡು ಹೊರಗೇ ಉಳಿಯುವುದು. ತಡವಾದರೆ ಒಳಹೊಕ್ಕವೂ ತಿರುಗಿ ಓಡುವುವು. ಮೈಕ್ರೊಪ್ರೊಸೆಸರ್ ಅಂಕಿಯನ್ನು ಹಿಡಿಯುವುದೂ ಹೀಗೆಯೇ. ಹಿಡಿಯುವ ಗಳಿಗೆಗೆ ತುಸು ಮೊದಲೇ ಅಂಕಿಯು ತಂತಿಗಳ ಮೇಲೆ ಬಂದು ನೆಲೆನಿಂತಿರಬೇಕು. ಹಿಡಿದು ಮುಗಿಯುವವರೆಗೆ ಕದಲದಿರಬೇಕು. ಒಂದೇ ವ್ಯತ್ಯಾಸ: ಆನೆ ತಪ್ಪಿಸಿಕೊಂಡರೆ ಕಣ್ಣಿಗೆ ಕಾಣುತ್ತದೆ, ಅಕಾಲದಲ್ಲಿ ಹಿಡಿದ ಅಂಕಿ ಸುಳ್ಳಾದರೂ ನಿಜದಂತೆಯೇ ತೋರುತ್ತದೆ. ಅಪಾಯವಿರುವುದು ಇಲ್ಲಿಯೇ.

ಉದಾಹರಣೆಗೆ, 1976ರಲ್ಲಿ ಬಂದು ಕಾಲೇಜುಗಳ ಪಾಠದಲ್ಲಿ ಬಹುಕಾಲ ನೆಲೆಸಿದ ಇಂಟೆಲ್ 8085ನ್ನು ನೋಡೋಣ. ಅದರ ಗಡಿಯಾರವು ಸೆಕೆಂಡಿಗೆ 30 ಲಕ್ಷ ಸಲ ಬಡಿಯುತ್ತದೆನ್ನಿ. ಆಗ ಒಂದು ಬಡಿತಕ್ಕೆ ಸುಮಾರು 333 ನ್ಯಾನೊಸೆಕೆಂಡು. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗೆ ನ್ಯಾನೊಸೆಕೆಂಡೆಂದು ಹೆಸರು. ಮೆಮೊರಿಯಿಂದ ಒಂದು ಅಂಕಿಯನ್ನು ಓದಲು ಮೂರು ಬಡಿತಗಳು ಸಾಕು. ಮೊದಲನೆಯದರಲ್ಲಿ 16 ತಂತಿಗಳ ಮೇಲೆ ವಿಳಾಸ ಹೊರಡುತ್ತದೆ. ಇವುಗಳಲ್ಲಿ 8 ತಂತಿಗಳು ಮುಂದೆ ಅಂಕಿಯನ್ನೂ ಹೊರಬೇಕಾದ್ದರಿಂದ, ವಿಳಾಸವನ್ನು ಬೇರೆಡೆ ಹಿಡಿದಿಡಲು ‘ಎ.ಎಲ್.ಇ.’ ಎಂಬ ಸಂಕೇತ ಹೊರಡುತ್ತದೆ. ಎರಡನೆಯ ಬಡಿತದಲ್ಲಿ ‘ಓದುತ್ತೇನೆ’ ಎಂಬ ಸಂಕೇತ. ಮೂರನೆಯದರಲ್ಲಿ ಅಂಕಿಯ ಸ್ವೀಕಾರ.

ವಿಳಾಸ ಹೊರಟ ಮೇಲೆ ಉತ್ತರಕ್ಕೆ ಸಿಕ್ಕುವ ಅವಕಾಶ ಸುಮಾರು 600 ನ್ಯಾನೊಸೆಕೆಂಡು. ಮೆಮೊರಿಗೆ 900 ಬೇಕಾದರೆ ಗತಿಯೇನು? ಗಡಿಯಾರವನ್ನೇ ನಿಧಾನಿಸಬಹುದು, ಆದರೆ ಒಬ್ಬನ ನಿಧಾನಕ್ಕಾಗಿ ಎಲ್ಲರ ಕೆಲಸವೂ ಕುಂಟುತ್ತದೆ. ಅದಕ್ಕಾಗಿಯೇ ‘ರೆಡಿ’ ಎಂಬ ಪ್ರತ್ಯೇಕ ತಂತಿಯಿದೆ. ಎರಡನೆಯ ಬಡಿತದಲ್ಲಿ ಮೈಕ್ರೊಪ್ರೊಸೆಸರ್ ಇದನ್ನು ನೋಡುತ್ತದೆ. ‘ಇನ್ನೂ ಸಿದ್ಧವಿಲ್ಲ’ ಎಂದಿದ್ದರೆ ಒಂದು ಬಡಿತ ಸುಮ್ಮನಿದ್ದು ಮತ್ತೆ ನೋಡುತ್ತದೆ. 600ಕ್ಕೆ 333 ಸೇರಿದರೆ 933, ಕೆಲಸ ಕೈಗೂಡಿತು. ಕಾದದ್ದು ಆ ಒಂದು ಓದಿಗೆ ಮಾತ್ರ. ಉಳಿದ ಕೆಲಸಗಳು ತಮ್ಮ ವೇಗದಲ್ಲಿಯೇ ಸಾಗುತ್ತವೆ.

ಕೇಳುವುದು, ಕಾಯುವುದು, ಒಪ್ಪಿಗೆ ಪಡೆಯುವುದು ಎಂಬ ಇದೇ ಕ್ರಮವನ್ನು ಮತಗಟ್ಟೆಯಲ್ಲಿ ಎಲ್ಲರೂ ಕಣ್ಣಾರೆ ಕಾಣಬಹುದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸುವ ಮತಯಂತ್ರಗಳು 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲೆಡೆ ಬಳಕೆಯಾದವು. ಅಧಿಕಾರಿಯು ಗುಂಡಿ ಒತ್ತಿದರೆ ಅವರ ಮುಂದೆ ‘ಕಾರ್ಯನಿರತ’ ಎಂಬ ಕೆಂಪು ದೀಪ, ಮತದಾರರ ಮುಂದೆ ‘ಸಿದ್ಧ’ ಎಂಬ ಹಸಿರು ದೀಪ ಹೊತ್ತುತ್ತದೆ. ಮತ ಬಿದ್ದು, ಚೀಟಿ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬಿದ್ದ ಬಳಿಕವೇ ಯಂತ್ರ ದನಿಗೈದು ಕೆಂಪು ದೀಪ ಆರುತ್ತದೆ. ಅಧಿಕಾರಿಯು ಮತ್ತೆ ಅವಕಾಶ ಕೊಡುವವರೆಗೆ ಎಷ್ಟು ಸಲ ಒತ್ತಿದರೂ ಇನ್ನೊಂದು ಮತ ದಾಖಲಾಗದು.

ಇಲ್ಲಿ ಮತದಾರರಿಗೆ ಇಷ್ಟೇ ಬಡಿತವೆಂಬ ಗಡುವಿಲ್ಲ. ಡಿ. ಬಿ. ಕುಪ್ಪೆಯಂಥ ಕಾಡಂಚಿನ ಊರಿನ ಅಜ್ಜಿಯೊಬ್ಬರು ಚಿಹ್ನೆಗಳನ್ನು ಒಂದೊಂದಾಗಿ ನೋಡಿ ಒತ್ತಲು ಎರಡು ನಿಮಿಷ ತೆಗೆದುಕೊಂಡರೂ ಯಂತ್ರ ಕಾಯುತ್ತದೆ. ಅವರ ಮತವನ್ನು ತಾನೇ ಊಹಿಸಿ ಮುಂದಕ್ಕೆ ಹೋಗುವುದಿಲ್ಲ. ಸಿದ್ಧವಾಗದ ಉತ್ತರವನ್ನು ಉತ್ತರವೆಂದು ಎಣಿಸಬಾರದೆಂಬ ನಿಯಮ ತಂತಿಗಳಿಗೂ ಒಂದೇ, ಜನರಿಗೂ ಒಂದೇ. ಯಂತ್ರವನ್ನು ನಂಬಬಹುದೇ ಎಂದು ಕೇಳುವವರು, ಅದು ಎಷ್ಟು ಬೇಗ ಓಡುತ್ತದೆಂಬುದಕ್ಕಿಂತ ಮೊದಲು, ಎಲ್ಲಿ ನಿಂತು ಕಾಯುತ್ತದೆಂಬುದನ್ನು ವಿಚಾರಿಸುವುದು ಒಳ್ಳೆಯದು.