ಸ್ವರಚಿತ ಟ್ರೇಡಿಂಗ್ ಕಾರ್ಡ್‌ಗಳ ಸಮತೋಲನ

ಟ್ರೇಡಿಂಗ್ ಕಾರ್ಡ್ ಆಟವೊಂದರ ನಿಯಮಗಳಿಗೆ ಅನುಗುಣವಾಗಿ, ಪ್ರಕಾಶಕರ ಬದಲು ಆಟಗಾರರೇ ತಮ್ಮ ಬಳಗದ ಬಳಕೆಗೆಂದು ರಚಿಸಿಕೊಳ್ಳುವ ಕಾರ್ಡ್‌ಗಳನ್ನು ಸ್ವರಚಿತ ಕಾರ್ಡ್‌ಗಳು ಎನ್ನಬಹುದು. ಅಧಿಕೃತ ಪಂದ್ಯಾವಳಿಗಳಲ್ಲಿ ಇವುಗಳಿಗೆ ಪ್ರವೇಶವಿಲ್ಲ. ಕಾರ್ಡಿನ ಸಾಮರ್ಥ್ಯವು ಅದಕ್ಕೆ ತೆರಬೇಕಾದ ಬೆಲೆಗೆ ತಕ್ಕಷ್ಟೇ ಇರುವಂತೆ ನೋಡಿಕೊಳ್ಳುವುದೇ ಸಮತೋಲನ. ಇಂತಹ ರಚನೆಯು ಹೆಚ್ಚು ಚರ್ಚೆಗೆ ಒಳಗಾಗಿರುವ ಆಟಗಳಲ್ಲಿ ಮ್ಯಾಜಿಕ್: ದ ಗ್ಯಾದರಿಂಗ್ ಮುಖ್ಯವಾದುದು. ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯು 1993ರಲ್ಲಿ ಪ್ರಕಟಿಸಿತು.

ಇಸ್ಪೀಟಿನಲ್ಲಿ ಎಲ್ಲರೂ ಒಂದೇ ಕಟ್ಟಿನ ಎಲೆಗಳಿಂದ ಆಡುತ್ತಾರೆ. ಟ್ರೇಡಿಂಗ್ ಕಾರ್ಡ್ ಆಟದಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಕಾರ್ಡ್‌ಗಳನ್ನು ಆಯ್ದು, ಡೆಕ್ ಎನ್ನುವ ತಮ್ಮದೇ ಕಟ್ಟನ್ನು ಸಿದ್ಧಪಡಿಸಿಕೊಂಡು ಬರುತ್ತಾರೆ. ಹೀಗಾಗಿ ಅತಿಬಲದ ಕಾರ್ಡ್ ಒಂದಿದ್ದರೆ ಎಲ್ಲರೂ ಅದನ್ನೇ ತರತೊಡಗುತ್ತಾರೆ, ಉಳಿದವು ಮೂಲೆಗುಂಪಾಗುತ್ತವೆ. ಅಧಿಕೃತ ಆಟದಲ್ಲಿ ಅಂತಹ ಕಾರ್ಡನ್ನು ಸಂಸ್ಥೆಯು ನಿಷೇಧಿಸಬಲ್ಲದು. ಗೆಳೆಯರ ಬಳಗದಲ್ಲಿ ನಿಷೇಧಿಸುವವರು ಯಾರೂ ಇಲ್ಲ. ಕಾರ್ಡನ್ನು ಬರೆದವನು ಎದುರಿನಲ್ಲೇ ಕುಳಿತಿರುತ್ತಾನೆ, ಆದ್ದರಿಂದ ದೋಷ ಹೇಳುವುದೂ ಸಂಕೋಚದ ವಿಷಯ.

ಬೆಲೆ

ಮ್ಯಾಜಿಕ್ ಆಟದಲ್ಲಿ ಕಾರ್ಡಿನ ಬೆಲೆಯನ್ನು ಮಾನಾ ಎಂಬ ಶಕ್ತಿಯ ರೂಪದಲ್ಲಿ ತೆರಬೇಕು. ಮಾನಾ ದೊರೆಯುವುದು ಬಹುಪಾಲು ನೆಲದ ಕಾರ್ಡ್‌ಗಳಿಂದ. ಸಾಮಾನ್ಯವಾಗಿ ಸರದಿಗೊಂದರಂತೆ ಮಾತ್ರ ನೆಲವನ್ನು ಇಡಬಹುದಾದುದರಿಂದ, ಒಂದು ಮಾನಾ ಬೆಲೆಯ ಕಾರ್ಡು ಮೊದಲ ಸರದಿಯಲ್ಲಿಯೂ ನಾಲ್ಕರದ್ದು ನಾಲ್ಕನೆಯ ಸರದಿಯ ಹೊತ್ತಿಗೂ ಬಳಕೆಗೆ ಬರುತ್ತದೆ. ಅಂದರೆ ಬೆಲೆಯೆಂಬುದು ಇಲ್ಲಿ ಕಾಯುವಿಕೆಯೂ ಹೌದು.

ಅಂಕಿಗಳು ಸಮನಾಗಿದ್ದ ಮಾತ್ರಕ್ಕೆ ಕಾರ್ಡ್‌ಗಳು ಸಮವಾಗುವುದಿಲ್ಲ ಎಂಬುದಕ್ಕೆ ಮೊದಲ ಮುದ್ರಣದಲ್ಲಿಯೇ ನಿದರ್ಶನವಿದೆ. ಅದರಲ್ಲಿ ಐದು ಬಣ್ಣಗಳಿಗೆ ಒಂದೊಂದರಂತೆ ಐದು ಕಾರ್ಡ್‌ಗಳಿದ್ದವು. ಎಲ್ಲದರ ಬೆಲೆಯೂ ಒಂದು ಮಾನಾ, ಎಲ್ಲದರ ಫಲವೂ ಮೂರು. ಬಿಳಿಯ ಹೀಲಿಂಗ್ ಸಾಲ್ವ್ ಮೂರು ಅಂಶ ಪ್ರಾಣವನ್ನು ಕೊಡುತ್ತಿತ್ತು ಇಲ್ಲವೆ ಮೂರು ಅಂಶ ಪೆಟ್ಟನ್ನು ತಡೆಯುತ್ತಿತ್ತು. ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಪೆಟ್ಟು ಹೊಡೆಯುತ್ತಿತ್ತು. ಹಸಿರಿನ ಜಯಂಟ್ ಗ್ರೋತ್ ಜೀವಿಯೊಂದಕ್ಕೆ ಆ ಸರದಿಯ ಮಟ್ಟಿಗೆ +3/+3 ಸೇರಿಸುತ್ತಿತ್ತು. ಕಪ್ಪಿನ ಡಾರ್ಕ್ ರಿಚುಯಲ್ ಒಂದು ಮಾನಾ ಪಡೆದು ಮೂರು ಮಾನಾ ನೀಡುತ್ತಿತ್ತು. ನೀಲಿಯ ಆನ್ಸೆಸ್ಟ್ರಲ್ ರೀಕಾಲ್ ಮೂರು ಹೊಸ ಕಾರ್ಡ್‌ಗಳನ್ನೇ ಕೈಗೆ ಕೊಡುತ್ತಿತ್ತು. ಮೂರು ಅಂಶ ಪ್ರಾಣದಿಂದ ಸೋಲು ತುಸು ಮುಂದೂಡಲ್ಪಡುತ್ತದೆ, ಅಷ್ಟೆ. ಮೂರು ಕಾರ್ಡ್‌ಗಳಾದರೋ ಗೆಲ್ಲುವ ಮೂರು ಹೊಸ ದಾರಿಗಳು. ರಚನಕಾರರಿಗೂ ಇದರ ಅರಿವಿಲ್ಲದೆ ಇರಲಿಲ್ಲ. ಐದರಲ್ಲಿ ನೀಲಿಯದನ್ನು ಮಾತ್ರ ಅಪರೂಪದ ಕಾರ್ಡ್ ಆಗಿ ಮುದ್ರಿಸಿದ್ದರು. ಅಪರೂಪತೆಯು ಸಮತೋಲನಕ್ಕೆ ಬದಲಿಯಾಗದೆಂಬುದು ಆಟಗಾರರು ಕಾರ್ಡ್‌ಗಳನ್ನು ಕೊಂಡು ಕೂಡಿಹಾಕತೊಡಗಿದಾಗ ತಿಳಿಯಿತು. ಸ್ವರಚಿತ ಕಾರ್ಡ್‌ಗಳಲ್ಲಂತೂ ಅಪರೂಪತೆಗೆ ಅರ್ಥವೇ ಇಲ್ಲ. ಬರೆದವನಿಗೆ ಬೇಕಾದಷ್ಟು ಪ್ರತಿಗಳು ಸಿಗುತ್ತವೆ.

ಮುಂದಿನ ವರ್ಷಗಳಲ್ಲಿ ಇದೇ ಫಲಕ್ಕೆ ಬೇರೆ ಬೆಲೆ ನಿಗದಿಯಾಯಿತು. 2001ರ ಕಾನ್ಸನ್‌ಟ್ರೇಟ್ ಮೂರು ಕಾರ್ಡ್‌ಗಳಿಗೆ ನಾಲ್ಕು ಮಾನಾ ಕೇಳುತ್ತದೆ. 2009ರ ಡಿವಿನೇಶನ್ ಎರಡು ಕಾರ್ಡ್‌ಗಳಿಗೆ ಮೂರು. ಹೊಸದಾಗಿ ಬರೆಯುವವರಿಗೆ ಇಂತಹ ಸಾಧಾರಣ ಕಾರ್ಡ್‌ಗಳೇ ತಕ್ಕಡಿಯ ಬಟ್ಟುಗಳು. ಉದಾಹರಣೆಗೆ, ಗ್ರಿಜ್ಲಿ ಬೇರ್ಸ್ ಎರಡು ಮಾನಾ ಬೆಲೆಯ 2/2 ಜೀವಿ, ಬೇರೆ ಗುಣವಿಲ್ಲ. ಎಲ್ವಿಶ್ ವಿಷನರಿ ಅದೇ ಬೆಲೆಯ 1/1 ಜೀವಿ, ಆದರೆ ಕಣಕ್ಕಿಳಿದಾಗ ಒಂದು ಕಾರ್ಡನ್ನು ಕೊಡುತ್ತದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ, ಎರಡು ಮಾನಾ ಬೆಲೆಗೆ 2/2 ದೇಹವನ್ನೂ ಒಂದು ಕಾರ್ಡನ್ನೂ ಕೊಡುವ ಸ್ವರಚಿತ ಜೀವಿ ಎಷ್ಟು ದುಬಾರಿಯಾಗಬೇಕಿತ್ತೆಂಬುದು ಲೆಕ್ಕವಿಲ್ಲದೆಯೇ ಗೋಚರಿಸುತ್ತದೆ. ಪ್ರಸಿದ್ಧ, ಬಲಿಷ್ಠ ಕಾರ್ಡ್‌ಗಳನ್ನು ಮಾದರಿಯಾಗಿ ಹಿಡಿಯುವುದು ಆರಂಭಿಕರ ಸಾಮಾನ್ಯ ತಪ್ಪು.

ಮುದ್ರಿತ ಬೆಲೆಯನ್ನು ತಪ್ಪಿಸುವ ಮಾರ್ಗವಿದ್ದರೆ ಅಳತೆಯೆಲ್ಲ ಬುಡಮೇಲಾಗುತ್ತದೆ. 2014ರ ಟ್ರೆಷರ್ ಕ್ರೂಸ್ ಕಾರ್ಡಿನ ಬೆಲೆ ಎಂಟು ಮಾನಾ, ಫಲ ಮೂರು ಕಾರ್ಡ್. ಆದರೆ ಬಳಸಿ ಬಿಸುಟ ಕಾರ್ಡ್‌ಗಳನ್ನು ಆಟದಿಂದ ತೆಗೆದು, ಒಂದೊಂದಕ್ಕೂ ಒಂದು ಮಾನಾ ಉಳಿಸಬಹುದಿತ್ತು. ಅಗ್ಗದ ಮಂತ್ರಗಳಿಂದ ತುಂಬಿದ ಡೆಕ್‌ಗಳಲ್ಲಿ ಅದು ಹೆಚ್ಚುಕಡಿಮೆ ಹಳೆಯ ಆನ್ಸೆಸ್ಟ್ರಲ್ ರೀಕಾಲ್ ಆಗಿಯೇ ವರ್ತಿಸಿತು. 2015ರ ಜನವರಿಯಲ್ಲಿ ಮಾಡರ್ನ್ ಮತ್ತು ಲೆಗಸಿ ಸ್ಪರ್ಧಾ ಪ್ರಕಾರಗಳಿಂದ ಅದನ್ನು ನಿಷೇಧಿಸಲಾಯಿತು.

ಬಣ್ಣ ಮತ್ತು ಸಹವಾಸ

ಐದು ಬಣ್ಣಗಳಿಗೆ ಒಂದೊಂದು ಸಾಮರ್ಥ್ಯವೂ ಒಂದೊಂದು ಕೊರತೆಯೂ ಇವೆ. ಕೆಂಪು ನೇರವಾಗಿ ಪೆಟ್ಟು ಕೊಡುತ್ತದೆ, ನೀಲಿ ಕಾರ್ಡ್ ತರುತ್ತದೆ, ಹಸಿರು ದೊಡ್ಡ ಜೀವಿಗಳನ್ನು ಸಾಕುತ್ತದೆ. ಹಸಿರಿಗೆ ಲೈಟ್ನಿಂಗ್ ಬೋಲ್ಟ್ ಕೊಟ್ಟರೆ ಅಂಕಿಗಳಲ್ಲಿ ತಪ್ಪೇನೂ ಕಾಣದು. ಆದರೆ ಕೆಂಪನ್ನು ಆರಿಸಿಕೊಳ್ಳಲು ಇದ್ದ ಕಾರಣವೊಂದು ಅಳಿದುಹೋಗುತ್ತದೆ.

ಕಾರ್ಡಿನ ನಿಜವಾದ ಬಲವು ಅದರ ಸಹವಾಸದಲ್ಲಿ ಪ್ರಕಟವಾಗುತ್ತದೆ. 2004ರ ಸ್ಕಲ್‌ಕ್ಲ್ಯಾಂಪ್ ಇದಕ್ಕೆ ಹೆಸರಾದ ಉದಾಹರಣೆ. ಒಂದು ಮಾನಾ ಬೆಲೆಯ ಈ ಉಪಕರಣವನ್ನು ಜೀವಿಗೆ ತೊಡಿಸಲು ಮತ್ತೊಂದು ಮಾನಾ ಬೇಕು. ತೊಟ್ಟ ಜೀವಿಯ ಬಲ ಒಂದು ಹೆಚ್ಚುತ್ತದೆ, ತಾಳಿಕೆ ಒಂದು ಕುಗ್ಗುತ್ತದೆ. ಅದು ಸತ್ತರೆ ಎರಡು ಕಾರ್ಡ್ ಸಿಗುತ್ತವೆ. ತಾಳಿಕೆಯ ಕುಗ್ಗುವಿಕೆ ಮೇಲ್ನೋಟಕ್ಕೆ ದಂಡದಂತೆ ಕಂಡರೂ, ತಾಳಿಕೆ ಒಂದೇ ಇರುವ ಚಿಕ್ಕ ಜೀವಿಗೆ ತೊಡಿಸಿದ ಕೂಡಲೇ ಅದು ಸಾಯುತ್ತದೆ, ಎರಡು ಕಾರ್ಡ್ ಕೈಸೇರುತ್ತವೆ. ದಂಡವೇ ಲಾಭವಾಯಿತು. ಅದೇ ವರ್ಷ ಸ್ಟ್ಯಾಂಡರ್ಡ್ ಪ್ರಕಾರದಿಂದ ಅದನ್ನು ಹೊರಹಾಕಲಾಯಿತು. ನುರಿತ ವೃತ್ತಿಪರರ ಕಣ್ಣಿಗೂ ಬೀಳದ ದೋಷವಿದು. ಹವ್ಯಾಸಿಗಳು ಎಡವಿದರೆ ನಾಚಬೇಕಾದುದಿಲ್ಲ.

ಆಟ ಬದಲಾದರೆ ಅಳತೆಗೋಲೂ ಬದಲಾಗುತ್ತದೆ. ಯು-ಗಿ-ಓ! ಆಟದ ಪಾಟ್ ಆಫ್ ಗ್ರೀಡ್ ಮತ್ತು ಪೋಕೆಮಾನ್ ಆಟದ ಮೊದಲ ಮುದ್ರಣದ ಬಿಲ್, ಎರಡೂ ಬೆಲೆಯಿಲ್ಲದೆ ಎರಡು ಕಾರ್ಡ್ ಕೊಡುವಂಥವು. ಮೊದಲನೆಯದು ನಿಷಿದ್ಧವಾಯಿತು. ಎರಡನೆಯದು ಎಲ್ಲರ ಡೆಕ್‌ನಲ್ಲಿಯೂ ಇರುವ ಸಾಧಾರಣ ಕಾರ್ಡ್ ಆಗಿತ್ತು.

ಪರೀಕ್ಷೆ

ಕಾಗದದ ಮೇಲಿನ ಲೆಕ್ಕವು ಆರಂಭ ಮಾತ್ರ. ಹಳೆಯ ಕಾರ್ಡಿನ ಮೇಲೆ ಚೀಟಿಯಿಟ್ಟು, ಪ್ಲಾಸ್ಟಿಕ್ ಕವಚದೊಳಗೆ ಸೇರಿಸಿ ಹಲವು ಬಾರಿ ಆಡಿ ನೋಡುವುದು ರೂಢಿ. ಬರೆದವನೇ ಅದನ್ನು ಆಡುವುದಕ್ಕಿಂತ ಎದುರಾಳಿಯ ಕೈಗೆ ಕೊಡುವುದು ಲೇಸು; ತಾನು ಎಣಿಸದ ಬಳಕೆಯನ್ನು ಅವನು ಹುಡುಕುತ್ತಾನೆ, ಹುಡುಕಲೇಬೇಕು. ಸರದಿಗೊಮ್ಮೆ ಮಾತ್ರ ಎಂಬ ಒಂದು ಮಾತನ್ನು ಸೇರಿಸಿದರೆ ಕೊನೆಯಿಲ್ಲದೆ ಮರುಕಳಿಸುವ ಜೋಡಣೆಗಳು ಅನೇಕ ವೇಳೆ ತಪ್ಪುತ್ತವೆ. ಬೆಲೆ ತಗ್ಗಿಸುವುದಕ್ಕಿಂತ ಏರಿಸುವುದು ಬಳಗದಲ್ಲಿ ಮನಸ್ತಾಪಕ್ಕೆ ಕಾರಣವಾಗುವುದರಿಂದ, ಮೊದಲು ತುಸು ದುಬಾರಿಯಾಗಿಯೇ ಬರೆದು ಕ್ರಮೇಣ ಇಳಿಸುವುದು ಉಚಿತ.

ಅಭಿಮಾನಿಗಳ ಕಲ್ಪನೆ ಅಧಿಕೃತ ಆಟವನ್ನು ಸೇರಿದ್ದೂ ಉಂಟು. ಸಂಸ್ಥೆಯು ನಡೆಸಿದ ಯು ಮೇಕ್ ದ ಕಾರ್ಡ್ ಕಾರ್ಯಕ್ರಮದಲ್ಲಿ ಆಟಗಾರರು ಹಂತಹಂತವಾಗಿ ಮತ ಹಾಕಿ ಕಾರ್ಡನ್ನು ರೂಪಿಸುತ್ತಿದ್ದರು. 2003ರ ಫರ್ಗಾಟನ್ ಏನ್ಶಿಯಂಟ್, 2004ರ ಕ್ರೂಸಿಬಲ್ ಆಫ್ ವರ್ಲ್ಡ್ಸ್ ಮತ್ತು 2014ರ ವೇಸ್ಟ್ ನಾಟ್ ಹೀಗೆ ಮುದ್ರಣ ಕಂಡವು.