ಕುಬಸದ ಕರೆಯೋಲೆ: ಗೋಕಾಕ ಸೀಮೆಯ ಆಮಂತ್ರಣದಲ್ಲಿ ಮಾತು ಮತ್ತು ಬರಹ

ಸಾರಾಂಶ: ಬಸುರಿಯನ್ನು ಗೌರವಿಸುವ ಆಚರಣೆಗೆ ಕರೆಯುವಾಗ ಬೆಳಗಾವಿ ಜಿಲ್ಲೆಯ ಕನ್ನಡವು ಮಾತಿನಲ್ಲಿ ಒಂದು ವಾಕ್ಯರಚನೆಯನ್ನೂ ಮುದ್ರಿತ ಪತ್ರಿಕೆಯಲ್ಲಿ ಬೇರೊಂದನ್ನೂ ಬಳಸುತ್ತದೆ. ಈ ವ್ಯತ್ಯಾಸವನ್ನು ಶೈಲಿಭೇದವೆಂದಷ್ಟೇ ಪರಿಗಣಿಸಿದರೆ ಕರೆಯುವವರು ಯಾರು ಎಂಬ ವ್ಯಾಕರಣಾಂಶ ಕಣ್ಮರೆಯಾಗುತ್ತದೆ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ಕುಬಸ, ಸೀಮಂತ, ಶ್ರೋತೃಗೌರವ, ಕರ್ಮಣಿ ಪ್ರಯೋಗ, ವಾಕ್‌ಕ್ರಿಯೆ

1. ಹೆಸರಿನ ಪ್ರಶ್ನೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸೀಮೆಗೆ ಸೇರಿದ ಮೇಲವಂಕಿಯಂತಹ ಊರಿನಲ್ಲಿ ಆಮಂತ್ರಣ ಪತ್ರಿಕೆಯನ್ನು ಬರೆಯಲು ಕುಳಿತವರು ಮೊದಲು ಎದುರಿಸುವುದು ಶೀರ್ಷಿಕೆಯ ಆಯ್ಕೆಯನ್ನು. ಆಡುಮಾತಿನ ಹೆಸರು 'ಕುಬಸ'. ಪತ್ರಿಕೆಗೆ ಒಗ್ಗಿದ ಹೆಸರು 'ಸೀಮಂತ'. ಇವೆರಡನ್ನು ಪರ್ಯಾಯಪದಗಳೆಂದು ಭಾವಿಸುವುದು ರೂಢಿ. ಆದರೆ ಅವು ಆಚರಣೆಯ ಬೇರೆ ಬೇರೆ ಅಂಗಗಳಿಂದ ಹುಟ್ಟಿದವು.

'ಸೀಮಂತ' ಎಂಬುದು ಗೃಹ್ಯಸೂತ್ರಗಳು ವಿಧಿಸುವ ಸೀಮಂತೋನ್ನಯನ ಸಂಸ್ಕಾರದ ಸಂಕ್ಷಿಪ್ತ ರೂಪ. ಸೀಮಂತವೆಂದರೆ ಬೈತಲೆ, ಅದನ್ನು ಮೇಲ್ಮುಖವಾಗಿ ತೆಗೆಯುವ ಕರ್ತೃ ಪತಿ. 'ಕುಬಸ'ವಾದರೋ ಸಂಸ್ಕೃತದ 'ಕೂರ್ಪಾಸ' ಶಬ್ದದ ತದ್ಭವವಾದ 'ಕುಪ್ಪಸ'ದ ಪ್ರಾದೇಶಿಕ ರೂಪ. ದೀರ್ಘಸ್ವರ ಹ್ರಸ್ವವಾಗಿ, ರ್ಪ ಎಂಬ ಸಂಯುಕ್ತಾಕ್ಷರ ಸಜಾತೀಯ ದ್ವಿತ್ವವಾಗಿ, ಮುಂದೆ ಆ ದ್ವಿತ್ವವೂ ಸರಳಗೊಂಡು ಘೋಷವಾಗಿದೆ. ತವರಿನವರು ಸೀರೆ, ಬಳೆಗಳೊಡನೆ ತರುವ ಕುಪ್ಪಸವೇ ಇಲ್ಲಿ ಲಕ್ಷಣೆಯಿಂದ ಇಡೀ ಆಚರಣೆಗೆ ಹೆಸರಾಗಿದೆ. ತಮಿಳಿನ 'ವಳೈಕಾಪ್ಪು' ಬಳೆಯಿಂದ ಹೆಸರು ಪಡೆದಿರುವುದು ಇದಕ್ಕೆ ಸಮಾನಾಂತರ. ಗಡಿಯಾಚೆಯ ಮರಾಠಿಯ 'ಡೋಹಾಳೆ ಜೇವಣ'ವು ಬಸುರಿಯ ಬಯಕೆಯನ್ನು, ಅಂದರೆ ಸಂಸ್ಕೃತದ 'ದೋಹದ'ವನ್ನು, ಆಧಾರವಾಗಿಟ್ಟುಕೊಂಡಿದೆ. ಹೀಗಾಗಿ ಒಂದು ಹೆಸರು ಪತಿಯ ಕ್ರಿಯೆಯನ್ನು, ಇನ್ನೊಂದು ತವರಿನ ಕೊಡುಗೆಯನ್ನು, ಮತ್ತೊಂದು ಬಸುರಿಯ ಇಚ್ಛೆಯನ್ನು ಮುನ್ನೆಲೆಗೆ ತರುತ್ತದೆ.

ಕರಡು ತಿದ್ದುವವರು 'ಕುಬಸ'ವನ್ನು ಅಶುದ್ಧವೆಂದು ಬಗೆದು 'ಕುಪ್ಪಸ'ವೆಂದು ತಿದ್ದುವ ಸಂಭವವಿದೆ. ಆ ತಿದ್ದುಪಡಿ ಅರ್ಥವನ್ನೇ ಕೆಡಿಸುತ್ತದೆ. ಈ ಸೀಮೆಯಲ್ಲಿ 'ಕುಬಸ' ಉಡುಪೂ ಹೌದು, ಆಚರಣೆಯೂ ಹೌದು, ಅರ್ಥನಿರ್ಣಯ ಕ್ರಿಯಾಪದದ್ದು. 'ಕುಬಸ ಹೊಲಿ', 'ಕುಬಸ ತೊಡು' ಎಂದಾಗ ಉಡುಪು. 'ಕುಬಸ ಮಾಡು', 'ಕುಬಸ ಐತಿ' ಎಂದಾಗ ಆಚರಣೆ. ಗ್ರಂಥಸ್ಥ ಕನ್ನಡದ 'ಕುಪ್ಪಸ'ಕ್ಕೆ ಈ ಎರಡನೆಯ ಅರ್ಥವಿಲ್ಲ.

2. ಎರಡು ವಾಕ್ಯಗಳು

ವಿಶ್ಲೇಷಣೆಗಾಗಿ ನಾವು ರಚಿಸಿಕೊಂಡ ಎರಡು ಮಾದರಿಗಳನ್ನು ಹೋಲಿಸೋಣ. ಮೊದಲನೆಯದು ಮನೆಮನೆಗೆ ಹೋಗಿ, ಕುಂಕುಮ ಹಚ್ಚಿ ಹೆಂಗಸರು ಕರೆಯುವ ಮಾತು. ಎರಡನೆಯದು ಪತ್ರಿಕೆಯ ಒಕ್ಕಣೆ.

(1) ನಾಳಿ ನಮ್ಮ ಮನ್ಯಾಗ ಕುಬಸ ಐತ್ರಿ. ಉಡಿ ತುಂಬಾಕ ಬರ್ರಿ.

(2) ನಮ್ಮ ಸೊಸೆಯಾದ ಸೌ. ಇಂಥವರ ಸೀಮಂತ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದೆ. ತಾವು ಸಹಕುಟುಂಬ ಆಗಮಿಸಿ ಆಶೀರ್ವದಿಸಬೇಕಾಗಿ ವಿನಂತಿ.

(1)ರಲ್ಲಿ 'ರಿ' ಎರಡು ಬಾರಿ ಬಂದಿದೆ. ರೂಪ ಒಂದೇ ಆದರೂ ಕಾರ್ಯ ಬೇರೆ. 'ಬರ್ರಿ' ಎಂಬಲ್ಲಿ ಅದು ವಿಧ್ಯರ್ಥಕ ಬಹುವಚನ. 'ಐತ್ರಿ' ಎಂಬಲ್ಲಿ ವಾಕ್ಯದ ಕರ್ತೃ ನಪುಂಸಕವಾದ 'ಕುಬಸ'; ಕ್ರಿಯಾಪದದ ಹೊಂದಾಣಿಕೆಯೂ ಅದರೊಡನೆಯೇ ಇದೆ. ಅಲ್ಲಿನ 'ರಿ' ಕರ್ತೃವಿಗೆ ಸಂಬಂಧಿಸಿದ್ದಲ್ಲ. ಅದು ಎದುರಿಗಿರುವ ಶ್ರೋತೃವಿಗೆ ಸಲ್ಲುವ ಗೌರವ. ಸುದ್ದಿಯನ್ನು ಹೇಳುವ ವಾಕ್ಯದೊಳಗೂ ಕೇಳುವವರು ಹಾಜರಿದ್ದಾರೆ ಎಂಬುದನ್ನು ಉಪಭಾಷೆಯ ವ್ಯಾಕರಣ ಹೀಗೆ ದಾಖಲಿಸುತ್ತದೆ. ಬಸುರಿಯ ಹೆಸರಾಗಲಿ ಬಸಿರಿನ ಉಲ್ಲೇಖವಾಗಲಿ ಇಲ್ಲದಿರುವುದನ್ನೂ ಗಮನಿಸಬೇಕು. 'ಕುಬಸ' ಎಂಬ ಒಂದೇ ಮಾತು ಅದನ್ನೆಲ್ಲ ಸೂಚಿಸುತ್ತದೆ.

(2)ರಲ್ಲಿ 'ಹಮ್ಮಿಕೊಳ್ಳಲಾಗಿದೆ' ಎಂಬ ಕರ್ಮಣಿ ರೂಪ ಕರ್ತೃವನ್ನು ಮರೆಮಾಡುತ್ತದೆ. ಕರ್ಮವಾದರೋ ದ್ವಿತೀಯಾ ವಿಭಕ್ತಿಯಲ್ಲಿಯೇ ಉಳಿದಿದೆ. 'ವಿನಂತಿ' ಎಂಬ ನಾಮಪದದಲ್ಲಿ ಮುಗಿಯುವ ಎರಡನೆಯ ವಾಕ್ಯದಲ್ಲಿ ಪೂರ್ಣಕ್ರಿಯಾಪದವೇ ಇಲ್ಲ. ಕರೆಯುವವರು ಪುಟದ ಕೆಳಗೆ 'ಸುಖಾಗಮನ ಬಯಸುವವರು' ಎಂಬ ಕೃದಂತದ ಅಡಿಯಲ್ಲಿ ಹೆಸರುಗಳ ಪಟ್ಟಿಯಾಗಿ ಕಾಣಿಸಿಕೊಳ್ಳುತ್ತಾರೆ. ಬಸುರಿ ಷಷ್ಠೀ ವಿಭಕ್ತಿಯಲ್ಲಿ ಕಾರ್ಯಕ್ರಮದ ವಿಶೇಷಣವಾಗುತ್ತಾಳೆ. ಹೆಂಗಸರು ಮಾಡುವ 'ಉಡಿ ತುಂಬು' ಎಂಬ ನಿರ್ದಿಷ್ಟ ಕ್ರಿಯೆಯ ಸ್ಥಾನದಲ್ಲಿ ಯಾರೂ ಮಾಡಬಹುದಾದ 'ಆಶೀರ್ವದಿಸು' ಬಂದಿದೆ.

3. ಕರೆ ಸಿದ್ಧಿಸುವುದು ಯಾವಾಗ?

ಜೆ. ಎಲ್. ಆಸ್ಟಿನ್ ಅವರ 1962ರ ಗ್ರಂಥ ಪ್ರಚಲಿತಗೊಳಿಸಿದ ವಾಕ್‌ಕ್ರಿಯೆಯ ಚರ್ಚೆಯಂತೆ, ಕೆಲವು ಮಾತುಗಳು ಕಾರ್ಯವನ್ನು ವರ್ಣಿಸುವುದಿಲ್ಲ, ಅವೇ ಕಾರ್ಯಗಳಾಗಿರುತ್ತವೆ. ಅವು ಸಿದ್ಧಿಸಲು ತಕ್ಕ ವ್ಯಕ್ತಿ, ತಕ್ಕ ಸಂದರ್ಭ, ತಕ್ಕ ವಿಧಾನಗಳು ಬೇಕು. ಕುಬಸದ ಕರೆ ಇದಕ್ಕೆ ಉತ್ತಮ ನಿದರ್ಶನ. ಪತ್ರಿಕೆ ತಲುಪಿದ್ದರೂ 'ಬಾಯಿಂದ ಕರೀಲಿಲ್ಲ' ಎಂಬ ಮುನಿಸು ಉಳಿಯಬಹುದು. ಆ ಮುನಿಸಿನ ಅರ್ಥ, ಆ ಸಮುದಾಯದ ಮಟ್ಟಿಗೆ (2) ಸೂಚನೆಯೇ ಹೊರತು ಕರೆಯಲ್ಲ ಎಂದು.

ಆದರೂ ಪತ್ರಿಕೆಯನ್ನು ನಷ್ಟವೆಂದಷ್ಟೇ ಎಣಿಸುವುದು ನ್ಯಾಯವಲ್ಲ. 'ಉಡಿ ತುಂಬು' ಎಂಬುದು ಸಾಂಪ್ರದಾಯಿಕವಾಗಿ ಮುತ್ತೈದೆಯರಿಗೆ ಮೀಸಲಾದ ಕ್ರಿಯೆ. ವಿಧವೆಯರನ್ನು ಅದು ಹೊರಗಿಟ್ಟಿತ್ತು. 'ಆಶೀರ್ವದಿಸು' ಆ ಗೆರೆಯನ್ನು ಎಳೆಯುವುದಿಲ್ಲ. ದೂರದ ನೆಂಟರಿಗೆ, 'ಮಡಿಲು ತುಂಬು' ಎನ್ನುವ ದಕ್ಷಿಣದ ಕನ್ನಡಿಗರಿಗೆ, 'ಸೀಮಂತ' ಸುಲಭವಾಗಿ ಅರ್ಥವಾಗುತ್ತದೆ ಎಂಬುದೂ ನಿಜ.

4. ಫಲಿತಾರ್ಥ

ಎರಡು ಸೂಚನೆಗಳೊಡನೆ ಈ ಚರ್ಚೆಯನ್ನು ಮುಗಿಸಬಯಸುತ್ತೇವೆ. ಮೊದಲನೆಯದು ಸಂಶೋಧಕರಿಗೆ. ಆಮಂತ್ರಣ ಪತ್ರಿಕೆಗಳು ಸುಲಭವಾಗಿ ದೊರೆಯುವ, ದಿನಾಂಕ ಮತ್ತು ಊರುಗಳನ್ನು ನಮೂದಿಸಿರುವ ಸಾಮಗ್ರಿ. ಅವುಗಳನ್ನಷ್ಟೇ ಆಧರಿಸಿ ಪದಕೋಶದ ಬದಲಾವಣೆಯನ್ನು ಅಳೆದರೆ, ನಾಲಿಗೆಯ ಮೇಲೆ ಜೀವಂತವಾಗಿರುವ 'ಕುಬಸ' ಅಳಿದುಹೋಯಿತೆಂಬ ತಪ್ಪು ನಿರ್ಣಯಕ್ಕೆ ಬರಬೇಕಾದೀತು. ಪ್ರತಿಯೊಂದು ಪತ್ರಿಕೆಯೊಡನೆ ಅದನ್ನು ಯಾರು, ಯಾರ ಮನೆಗೆ, ಯಾವ ಮಾತಿನೊಡನೆ ಒಯ್ದರು ಎಂಬುದನ್ನೂ ದಾಖಲಿಸಬೇಕು.

ಎರಡನೆಯದು ಒಕ್ಕಣೆಯನ್ನು ಸಿದ್ಧಪಡಿಸುವವರಿಗೆ. ಈಗ ಮೊಬೈಲಿನಲ್ಲಿ ದೊರೆಯುವ ಸಿದ್ಧಮಾದರಿಗಳು 'ಬೇಬಿ ಶವರ್' ಎಂಬ ಇನ್ನೊಂದು ಶೀರ್ಷಿಕೆಯನ್ನು ಸೇರಿಸಿವೆ. ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬುವುದಷ್ಟೇ ಬಳಸುವವರ ಕೆಲಸ. ಶಿಷ್ಟ ಬರಹದ ಮರ್ಯಾದೆಯೊಳಗೇ ಹೀಗೆ ಬರೆಯಲು ವ್ಯಾಕರಣದ ಅಡ್ಡಿಯೇನೂ ಇಲ್ಲ:

(3) ನಮ್ಮ ಮನೆಯಲ್ಲಿ ಕುಬಸವಿದೆ. ನಮ್ಮ ಸೊಸೆ ಇಂಥವಳ ಉಡಿ ತುಂಬಲು, ಅವಳನ್ನು ಹರಸಲು ಎಲ್ಲರೂ ಬನ್ನಿರಿ ಎಂದು ಅವಳ ಅತ್ತೆಯೂ ತಾಯಿಯೂ ಕರೆಯುತ್ತೇವೆ.

ಇಲ್ಲಿ 'ಕರೆಯುತ್ತೇವೆ' ಎಂಬ ಉತ್ತಮಪುರುಷ ಕ್ರಿಯಾಪದ ಕರ್ತೃವನ್ನು ಮರಳಿ ವಾಕ್ಯದೊಳಗೆ ತರುತ್ತದೆ. 'ಬನ್ನಿರಿ' ಶ್ರೋತೃವನ್ನು ಉಳಿಸಿಕೊಳ್ಳುತ್ತದೆ. 'ಹರಸಲು', 'ಎಲ್ಲರೂ' ಎಂಬ ಪದಗಳು ಯಾರನ್ನೂ ಹೊರಗಿಡುವುದಿಲ್ಲ. 'ಕುಬಸ'ದ ಅರ್ಥ ತಿಳಿಯದ ಓದುಗರಿಗೆ ಮುಂದಿನ ವಾಕ್ಯವೇ ಅದನ್ನು ವಿವರಿಸುತ್ತದೆ. ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗುವವರು ಇಂದಿಗೂ ಆ ಅತ್ತೆ, ತಾಯಂದಿರೇ ಆಗಿರುವಾಗ, ಪತ್ರಿಕೆಯ ವಾಕ್ಯದಲ್ಲಿ ಅವರಿಗೆ ಕರ್ತೃಸ್ಥಾನ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.