ಕಛೇರಿಯ ಒಳಕರೆ

ಪುಣೆಯ ಕಛೇರಿಯೊಂದರಲ್ಲಿ ನಲವತ್ತು ಮೇಜುಗಳಿಗೂ ದೂರವಾಣಿಯಿದ್ದು, ನಗರದ ಎಕ್ಸ್‌ಚೇಂಜಿನಿಂದ ಬಂದ ತಂತಿಗಳು ಐದೇ ಇರಬಹುದು. ನಲವತ್ತು ಮಂದಿಯೂ ಏಕಕಾಲಕ್ಕೆ ಹೊರಗಿನವರೊಡನೆ ಮಾತನಾಡಲಾರರೆಂಬ ನಂಬಿಕೆಯೇ ಈ ಏರ್ಪಾಡಿನ ಬಂಡವಾಳ. ಬ್ಯಾಂಕು ಠೇವಣಿದಾರರೆಲ್ಲರ ಹಣವನ್ನೂ ತಿಜೋರಿಯಲ್ಲಿಟ್ಟು ಕುಳಿತಿರದಿರುವುದೂ ಇಂಥದೇ ನಂಬಿಕೆಯಿಂದ. ಐದು ತಂತಿಗಳೂ ತುಂಬಿದಾಗ ಆರನೆಯವನು ಕಾಯಲೇಬೇಕು. ಮೇಜಿನಿಂದ ಮೇಜಿಗೆ ಹೋಗುವ ಕರೆಯಾದರೋ ಕಟ್ಟಡದ ಹೊಸಿಲನ್ನು ದಾಟದು. ಎರಡು ಮೂರು ಅಂಕಿಗಳ ಎಕ್ಸ್‌ಟೆನ್ಷನ್ ಸಂಖ್ಯೆಯನ್ನು ಒತ್ತಿದೊಡನೆ ಕಛೇರಿಯ ಸ್ವಂತ ಯಂತ್ರವೇ ಇಬ್ಬರನ್ನೂ ಕೂಡಿಸುತ್ತದೆ. ಅದಕ್ಕೆ ಶುಲ್ಕವೂ ಇಲ್ಲ. ಮೊದಲು ಸೊನ್ನೆಯನ್ನೋ ಒಂಬತ್ತನ್ನೋ ಒತ್ತಿದರೆ ಮಾತ್ರ ಬಿಡುವಾಗಿರುವ ಹೊರತಂತಿಯೊಂದು ದೊರೆಯುತ್ತದೆ.

ಈ ಯಂತ್ರದ ಹಿರಿಯ ಸಾರ್ಥಕತೆಯನ್ನು ಕಾಣಲು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿಯನ್ನು ದಾಟಿ ಕಿತ್ತೂರಿಗೆ ಬರಬೇಕು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಕಛೇರಿಗಳಿಗೆಂದು 128 ಪೋರ್ಟುಗಳ ಯಂತ್ರವನ್ನು ರೂಪಿಸಿ, ಅದೇ ತತ್ತ್ವವನ್ನು ಹಳ್ಳಿಗಳಿಗೂ ಹೊಂದಿಸಿತು. ಹವಾನಿಯಂತ್ರಣವಿಲ್ಲದೆಯೇ ಅದು ಈ ದೇಶದ ಧೂಳು ಬಿಸಿಲುಗಳನ್ನು ತಾಳಿಕೊಳ್ಳುವಂತಿತ್ತು. ಅಂಥ ಮೊದಲನೆಯ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಕಿತ್ತೂರಿನಲ್ಲಿ ಕೆಲಸಮಾಡತೊಡಗಿತು. ಮೇಜುಗಳಿದ್ದ ಸ್ಥಾನಕ್ಕೆ ಊರಿನ ಮನೆಗಳೂ ಅಂಗಡಿಗಳೂ ಬಂದವು. ಹೊರತಂತಿಗಳು ಪರಊರುಗಳತ್ತ ಹೊರಟವು.